ಪಕ್ಕದ ತುಂಡು

ಜೀವಶಾಸ್ತ್ರ ವಿಭಾಗದಲ್ಲಿ ಅವಳನ್ನು ಎಲ್ಲರೂ ಲೆಕ್ಕದಮ್ಮ ಎನ್ನುತ್ತಿದ್ದರು. ಪ್ರೊಫೆಸರರ ಹೆಂಡತಿ ಅನ್ನಿಸಿಕೊಳ್ಳುವುದಕ್ಕಿಂತ ಇದೇ ವಾಸಿ ಎಂದು ಅವಳೂ ಒಪ್ಪಿಕೊಂಡಿದ್ದಳು. ಸಂಖ್ಯಾಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದವಳು. ಆದರೆ ಗಂಡ ಹೆಂಡತಿ ಇಬ್ಬರಿಗೂ ಒಂದೇ ವಿಭಾಗದಲ್ಲಿ ಕಾಯಂ ಹುದ್ದೆ ಕೊಡುವಂತಿಲ್ಲ ಎಂಬುದು ವಿಶ್ವವಿದ್ಯಾಲಯದ ನಿಯಮ. ಹಾಗಾಗಿ ಅವನು ಪ್ರೊಫೆಸರ್, ಅವಳು ವರ್ಷದಿಂದ ವರ್ಷಕ್ಕೆ ನವೀಕರಣವಾಗುವ ಸಹಾಯಕಿ. ನವೀಕರಣಕ್ಕೆ ಸಹಿ ಹಾಕುವವನೂ ಅವನೇ. ಮದುವೆಯಾದ ಹೊಸದರಲ್ಲಿ, “ಈ ವರ್ಷ ಜಗಳ ಆಡದೆ ಇದ್ದರೆ ನೋಡೋಣ” ಎಂದು ಪೆನ್ನು ಹಿಡಿದುಕೊಂಡು ತಮಾಷೆ ಮಾಡುತ್ತಿದ್ದ. ಬರಬರುತ್ತ ತಮಾಷೆ ನಿಂತುಹೋಗಿ ಸಹಿಯೊಂದೇ ಉಳಿಯಿತು.

ಪ್ರಯೋಗಾಲಯ ಮೇಲಿನ ಮಹಡಿಯಲ್ಲಿತ್ತು, ಉದ್ದಕ್ಕೂ ಕಿಟಕಿ. ಲೆಕ್ಕದಮ್ಮನ ಕೋಣೆ ಮೆಟ್ಟಿಲ ಕೆಳಗೆ. ಕಂಪ್ಯೂಟರುಗಳನ್ನು ತಣ್ಣಗಿಡುವ ಯಂತ್ರ ಹಗಲಿಡೀ ಗುಂಯ್‌ಗುಡುತ್ತಿದ್ದುದರಿಂದ ಕಡುಬೇಸಿಗೆಯಲ್ಲೂ ಅವಳು ಸ್ವೆಟರ್ ತೊಟ್ಟು ಕೂರುತ್ತಿದ್ದಳು. ಅವಳ ಕೆಲಸ ಅಕ್ಷರಗಳನ್ನು ಹೋಲಿಸಿ ಲೆಕ್ಕ ಹಾಕುವುದು. ಡಿಎನ್‌ಎ ಎಂದರೆ ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳಲ್ಲಿ ಬರೆದ ಉದ್ದನೆಯ ಬರಹ. ಒಂದು ಜೀವಿಯ ಇಡೀ ಬರಹಕ್ಕೆ ಜೀನೋಮ್ ಎಂದು ಹೆಸರು. ಪ್ರೋಟೀನಿಗೆ ಸಂಬಂಧಪಟ್ಟ ಭಾಗಗಳಲ್ಲಿ, ಅಂದರೆ ಜೀನುಗಳಲ್ಲಿ, ಮೂರು ಮೂರು ಅಕ್ಷರ ಸೇರಿ ಒಂದು ಪದ. ಒಂದೊಂದು ಪದಕ್ಕೂ ಪ್ರೋಟೀನಿನ ಸರದಲ್ಲಿ ಒಂದು ಮಣಿ. ತಲೆಮಾರಿನಿಂದ ತಲೆಮಾರಿಗೆ ನಕಲಾಗುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತದೆ. ಕೆಲವು ತಪ್ಪಿನಿಂದ ಮಣಿಯೇ ಬೇರೆಯಾಗುತ್ತದೆ. ಕೆಲವು ಸಲ ಅಕ್ಷರ ತಪ್ಪಿದರೂ ಮಣಿ ಅದೇ ಇರುತ್ತದೆ, ಏಕೆಂದರೆ ಒಂದೇ ಮಣಿಗೆ ಹಲವು ಪದಗಳಿವೆ. ಮಣಿ ಬದಲಾದರೆ ಸಾಮಾನ್ಯವಾಗಿ ಕೇಡೇ. ಅಂಥದ್ದನ್ನು ಹೊತ್ತ ಜೀವಿ ಹಿಂದೆ ಬೀಳುತ್ತದೆ, ಅದರ ಜೊತೆಗೇ ಆ ತಪ್ಪೂ ಅಳಿಸಿಹೋಗುತ್ತದೆ.

ಇದನ್ನೆಲ್ಲ ಅವಳು ಒಮ್ಮೆ ಅತ್ತೆಗೆ ಹೇಳಿದ್ದಳು. ಅತ್ತೆ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು, ಮಗನ ಮನೆಯಲ್ಲೇ ಇದ್ದಳು. ಆವತ್ತು ತಟ್ಟೆಯಲ್ಲಿ ಅಕ್ಕಿ ಹರಡಿಕೊಂಡು ಕೂತಿದ್ದಳು.

“ನಿಸರ್ಗದ ಆಯ್ಕೆ, ಆಯ್ಕೆ ಅಂತೀರಲ್ಲ ಇಬ್ರೂ, ಯಾರು ಕೂತ್ಕೊಂಡು ಆರಿಸ್ತಾರೆ?”

“ಯಾರೂ ಇಲ್ಲ ಅತ್ತೆ. ನೀವು ಅಕ್ಕಿ ಆರಿಸ್ತಿದ್ದೀರಲ್ಲ, ಒಳ್ಳೆ ಕಾಳು ಹುಡುಕ್ತಿದ್ದೀರಾ?”

“ಕಲ್ಲು ತೆಗೀತಿದ್ದೀನಿ.”

“ಅದೂ ಅಷ್ಟೇ. ಕಲ್ಲು ತೆಗೆಯೋದೇ ಜಾಸ್ತಿ. ಎಲ್ಲೋ ಅಪರೂಪಕ್ಕೆ, ಕಲ್ಲು ಅಂದ್ಕೊಂಡಿದ್ದು ಮುತ್ತಾಗಿರುತ್ತೆ. ಅದು ಉಳ್ಕೊಂಡು ಎಲ್ಲರಲ್ಲೂ ಹರಡುತ್ತೆ.”

ಆ ಅಪರೂಪದ ಮುತ್ತನ್ನು ಹುಡುಕುವುದು ಪ್ರೊಫೆಸರನ ಕಸುಬಾಗಿತ್ತು, ಅದು ಸಿಕ್ಕಿಯೂ ಬಿಟ್ಟಿತ್ತು. ಒಳಕಿವಿಯಲ್ಲಿ ಕೆಲಸ ಮಾಡುವ ಒಂದು ಸಣ್ಣ ಜೀನ್. ಇಲಿಯಲ್ಲಿ, ನಾಯಿಯಲ್ಲಿ, ಮಂಗನಲ್ಲಿ ಕೋಟ್ಯಂತರ ವರ್ಷ ಕಮಕ್ ಕಿಮಕ್ ಎನ್ನದೆ ಇದ್ದದ್ದು, ಮನುಷ್ಯನ ಕವಲಿಗೆ ಬಂದಾಗ ಅದರ ಒಂದು ತುದಿ ತುಂಬಾ ಬದಲಾಗಿಬಿಟ್ಟಿತ್ತು. ಬಹಳಷ್ಟು ಮಣಿಗಳೇ ಬೇರೆಯಾಗಿದ್ದವು. ಇಷ್ಟು ಬದಲಾವಣೆ ತಾನಾಗಿಯೇ ಆಗುವುದು ಸಾಧ್ಯವೇ ಎಂದು ಅಳೆಯಲು, ಮಣಿ ಬದಲಿಸದ ತಪ್ಪುಗಳನ್ನು ಎಣಿಸಬೇಕು. ಅವುಗಳ ಗೊಡವೆಗೆ ಆಯ್ಕೆ ಹೋಗುವುದಿಲ್ಲವಾದ್ದರಿಂದ ಅವೇ ಅಳತೆಗೋಲು. ಆದರೆ ಆ ತುದಿ ತೀರಾ ಚಿಕ್ಕದು, ಅಂಥವು ಅದರಲ್ಲಿ ಬೆರಳೆಣಿಕೆಯಷ್ಟೂ ಇರಲಿಲ್ಲ.

“ಇಡೀ ಜೀನೋಮಿನ ಸರಾಸರಿ ತಗೋ. ಎಲ್ಲರೂ ಅದನ್ನೇ ತಗೊಳ್ಳೋದು” ಎಂದಿದ್ದ ಗಂಡ.

ಅವಳಿಗೆ ಅರೆಮನಸ್ಸು. ಆದರೂ ತಗೊಂಡಳು. ಆ ಅಳತೆಯಲ್ಲಿ ನೋಡಿದರೆ, ಆಯ್ಕೆಯೇ ಕೈಹಿಡಿದು ಮುಂದೆ ತಂದ ಬದಲಾವಣೆಗಳೆಂಬುದರಲ್ಲಿ ಅನುಮಾನವೇ ಉಳಿಯಲಿಲ್ಲ. ಮನುಷ್ಯನಿಗೆ ಮಾತು ಬರುವ ಮೊದಲು ಮಾತನ್ನು ಕೇಳಿಸಿಕೊಳ್ಳುವ ಕಿವಿ ಬಂತು ಎಂದು ಗಂಡ ಬರೆದ. ಪತ್ರಿಕೆಗಳು ಅದಕ್ಕೆ ‘ಆಲಿಸುವ ಜೀನ್’ ಎಂದು ಹೆಸರಿಟ್ಟವು. ಶಾಲೆಯ ಪಠ್ಯಪುಸ್ತಕಗಳಲ್ಲೂ ಒಂದು ಚೌಕದೊಳಗೆ ಅವನ ಫೋಟೋ ಬಂತು. ಪ್ರಬಂಧದ ಮೇಲಿನ ಹೆಸರುಗಳ ಸಾಲಿನಲ್ಲಿ ಲೆಕ್ಕದಮ್ಮನದು ಮಧ್ಯದಲ್ಲೆಲ್ಲೋ ಇತ್ತು, ಮದುವೆ ಫೋಟೋದ ಹಿಂದಿನ ಸಾಲಿನಲ್ಲಿ ಕತ್ತು ಮಾತ್ರ ಕಾಣುವ ದೂರದ ನೆಂಟರ ಹಾಗೆ.

“ಸಾವಿರಾರು ಮಕ್ಕಳನ್ನ ಈ ಕೈಯಲ್ಲಿ ಹೊರಗೆ ತಂದಿದ್ದೀನಿ” ಎಂದಳು ಅತ್ತೆ, ಪತ್ರಿಕೆ ಮಡಚುತ್ತ. “ಒಂದೂ ಆಲಿಸ್ತಾ ಹುಟ್ಟಲಿಲ್ಲ. ಎಲ್ಲವೂ ಕಿರುಚ್ತಾನೇ ಹುಟ್ಟಿದ್ವು. ಇವನಂತೂ ಪಕ್ಕದ ವಾರ್ಡಿಗೆ ಕೇಳಿಸೋ ಹಾಗೆ.”

ಗಂಡ ನಕ್ಕ. ಆಗಿನ್ನೂ ಮನೆಯಲ್ಲಿ ನಗು ಇತ್ತು.

ಆ ಕಾಲದಲ್ಲಿ ಪ್ರಯೋಗಾಲಯದಲ್ಲಿ ಒಬ್ಬ ವಿದ್ಯಾರ್ಥಿನಿ ಇದ್ದಳು. ಎದುರಿಗೆ ಯಾರಿದ್ದರೂ ಕೈಯೆತ್ತುವ ಸ್ವಭಾವದವಳಾದ್ದರಿಂದ ಅವಳಿಗೆ ಪ್ರಶ್ನೆಪತ್ರಿಕೆ ಎಂದು ಅಡ್ಡಹೆಸರು. ಒಂದು ದಿನ ವಿಚಾರಗೋಷ್ಠಿಯಲ್ಲಿ ಎದ್ದು ನಿಂತು, “ಸರ್, ಜೀನೋಮಿನಲ್ಲಿ ಎಲ್ಲ ಕಡೆನೂ ತಪ್ಪು ಒಂದೇ ಸಮ ಬೀಳಲ್ಲ ಅಲ್ವಾ? ಹಾಗಿದ್ದ ಮೇಲೆ ಸರಾಸರಿ ಸರಿಹೋಗುತ್ತಾ?” ಎಂದು ಕೇಳಿದಳು. ಪ್ರೊಫೆಸರ್, “ಮೊದಲು ನಿಮ್ಮ ಪ್ರಯೋಗದ ಫಲಿತಾಂಶ ಎರಡು ಸಲ ಒಂದೇ ಬರೋ ಹಾಗೆ ಮಾಡಿ, ಆಮೇಲೆ ನಮ್ಮದು ನೋಡೋಣ” ಎಂದ. ಎಲ್ಲರೂ ನಕ್ಕರು. ಲೆಕ್ಕದಮ್ಮ ನಗಲಿಲ್ಲ, ಬಾಯಿಯನ್ನೂ ತೆರೆಯಲಿಲ್ಲ. ಪ್ರಶ್ನೆಪತ್ರಿಕೆ ಆ ವರ್ಷವೇ ಬೇರೆ ಊರಿನ ಸಂಸ್ಥೆಗೆ ಹೊರಟುಹೋದಳು.

ಆದರೆ ಪ್ರಶ್ನೆ ಉಳಿಯಿತು. ಗಂಡ ಪುಸ್ತಕ ಬರೆಯಲು ಕೂತಾಗ ಚಿತ್ರಗಳನ್ನು ಹೊಸದಾಗಿ ಮಾಡಿಕೊಡಬೇಕಾಗಿ ಬಂತು. ಹೊಸ ಪ್ರಾಣಿಗಳ ಜೀನೋಮ್‌ಗಳೂ ಬಂದಿದ್ದವು. ಲೆಕ್ಕದಮ್ಮ ಜೀನಿನ ಆ ತುದಿಯನ್ನು ನೋಡುತ್ತಿದ್ದವಳು, ಸುಮ್ಮನೆ ಅದರಾಚೆಗೂ ಕಣ್ಣು ಹಾಯಿಸಿದಳು. ಜೀನು ಮುಗಿದ ಮೇಲಿನ ಪಕ್ಕದ ತುಂಡು ಅದು. ಯಾವ ಪ್ರೋಟೀನಿನ ಪದವೂ ಅಲ್ಲಿಲ್ಲ, ಅದಕ್ಕೆ ಬೇರೆ ಕೆಲಸವಿರುವ ಸುಳಿವೂ ಇಲ್ಲ. ಅಲ್ಲಿ ಮುತ್ತೂ ಇಲ್ಲ ಕಲ್ಲೂ ಇಲ್ಲ, ಆಯ್ಕೆಗೆ ಹಿಡಿಯಲು ಏನೂ ಇಲ್ಲ. ಅಲ್ಲಿಯೂ ಮನುಷ್ಯನ ಕವಲಿನಲ್ಲಿ ಅಷ್ಟೇ ಬದಲಾವಣೆಗಳ ರಾಶಿಯಿತ್ತು. ಇನ್ನೊಂದು ಸಂಗತಿಯೂ ಕಂಡಿತು. ಎರಡೂ ಕಡೆ ಬದಲಾವಣೆಗಳೆಲ್ಲ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ: ಎ, ಟಿ ಹೋಗಿ ಜಿ, ಸಿ ಬಂದಿದ್ದವು. ಜೀವಕೋಶ ತಂದೆಯಿಂದೊಂದು ತಾಯಿಯಿಂದೊಂದು ಬಂದ ಡಿಎನ್‌ಎ ಪ್ರತಿಗಳನ್ನು ಕೂಡಿಸಿ ರಿಪೇರಿ ಮಾಡುವಾಗ, ಅಕ್ಷರ ಹೊಂದದ ಕಡೆ ಜಿ, ಸಿಗಳ ಕಡೆಗೆ ವಾಲುವ ಒಂದು ಕುರುಡು ಚಾಳಿ ಅದಕ್ಕಿದೆ. ಅಂಥ ರಿಪೇರಿ ಪದೇ ಪದೇ ನಡೆಯುವ ಜಾಗ ಇದು. ಒಳ್ಳೆಯದೋ ಕೆಟ್ಟದ್ದೋ ನೋಡದೆ ಆ ಚಾಳಿ ಅಕ್ಷರಗಳನ್ನು ತಳ್ಳಿತ್ತು, ಜೀನು ಅದರ ದಾರಿಯಲ್ಲಿ ಸಿಕ್ಕಿಕೊಂಡಿತ್ತು. ಬದಲಾದ ಮಣಿಗಳಲ್ಲಿ ಕೆಲವು ಕಿವಿಗೆ ಒಳ್ಳೆಯದು ಮಾಡುವುದಿರಲಿ, ಸ್ವಲ್ಪ ಕೆಡಿಸಿಯೂ ಇರಬಹುದು.

ಬೇರೆ ಬೇರೆ ರೀತಿಯಲ್ಲಿ ಲೆಕ್ಕ ಹಾಕಿದಳು. ಯಾವ ರೀತಿಯಲ್ಲೂ ಗಂಡನ ಮುತ್ತು ಮುತ್ತಾಗಿ ಉಳಿಯಲಿಲ್ಲ. ಸ್ವೆಟರಿನೊಳಗೆ ಅವಳ ಬೆನ್ನು ಬೆವರಿತು.

ಮಧ್ಯಾಹ್ನ ಅವನ ಕೊಠಡಿಗೆ ಹೋಗಿ ಬಾಗಿಲು ಮುಚ್ಚಿದಳು.

“ರೀ, ಆ ಜೀನಿನ ಪಕ್ಕದ ತುಂಡು ನೋಡಿದೆ. ಅದೂ ಅಷ್ಟೇ ಬದಲಾಗಿದೆ.”

“ಯಾವುದು, ಆಚೆಗಿನ ಖಾಲಿ ಜಾಗಾನಾ?”

“ಹೂಂ. ನಾವು ಹೊಲ ಮಾತ್ರ ನೆನೆದಿದೆ, ಯಾರೋ ಬೇಕಂತಲೇ ನೀರು ಹಾಯಿಸಿದ್ದಾರೆ ಅಂದ್ವಿ. ಪಕ್ಕದ ಬಂಡೆನೂ ಅಷ್ಟೇ ನೆನೆದಿದೆ, ಬಂದಿದ್ದು ಮಳೆ.”

ಅವನು ಜಾಣ. ಅವಳು ಇನ್ನೂ ಹೇಳಬೇಕೆಂದಿದ್ದುದನ್ನೆಲ್ಲ ಅವಳ ಮುಖದಲ್ಲೇ ಓದಿಕೊಂಡ. ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿದ. ಲೆಕ್ಕ ತಪ್ಪಿರಬಹುದೇ ಎಂದು ಅವನು ಕೇಳುತ್ತಾನೆಂದು ಅವಳು ಕಾದಳು. ಅದನ್ನವನು ಕೇಳಲಿಲ್ಲ.

“ಬೇರೆ ಯಾರಿಗಾದ್ರೂ ಹೇಳಿದ್ದೀಯಾ?”

“ಇಲ್ಲ.”

“ಒಳ್ಳೇದು. ಈ ಜೀನಿನ ಕೆಲಸಕ್ಕೆ ಪ್ರಶಸ್ತಿ ಕೊಡೋ ಸಮಿತಿ ಕೂತಿದೆ ಅಂತ ನಿನಗೂ ಗೊತ್ತು. ಅದೊಂದು ಮುಗೀಲಿ. ಆಮೇಲೆ ನಾವೇ ಬರೆಯೋಣ, ಇಬ್ಬರ ಹೆಸರಲ್ಲೇ. ನಿನ್ನದೇ ಮೊದಲು.”

“ಈಗಲೇ ಹೇಳಿದರೆ ಮರ್ಯಾದೆ ಇರುತ್ತೆ. ನಮ್ಮ ತಪ್ಪನ್ನ ನಾವೇ ಹೇಳಿಕೊಂಡ ಹಾಗಾಗುತ್ತೆ.”

“ಮರ್ಯಾದೆ ಉಟ್ಟುಕೊಳ್ಳಕ್ಕೆ ಬರುತ್ತಾ? ಲ್ಯಾಬಲ್ಲಿ ಎಂಟು ಜನ ಕೆಲಸ ಮಾಡ್ತಿದ್ದಾರೆ. ಅವರ ಮನೆ ಒಲೆ ಉರೀತಿರೋದು ಈ ಜೀನಿಂದ. ನಾಳೆ ಅವರನ್ನ ನೀನು ಸಾಕ್ತೀಯಾ?”

ಅವಳು ಮೆಟ್ಟಿಲಿಳಿದು ತನ್ನ ಕೋಣೆಗೆ ಬಂದಳು. ಮೇಲಿನವರೆಲ್ಲ ಅವಳಿಗೆ ಗೊತ್ತು. ಒಬ್ಬಳು ಬಸುರಿ, ಒಬ್ಬನ ತಂದೆಗೆ ಲಕ್ವ. ಸುಮ್ಮನಾಗಲು ಅವರು ಸಾಕಾದರು. ತನಗಾಗಿಯೂ ಸುಮ್ಮನಾಗುತ್ತಿದ್ದೇನೆ ಎಂಬುದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಆ ಸರಾಸರಿಯನ್ನು ತಗೊಂಡದ್ದು ಅವಳದೇ ಕೈ.

ಪ್ರಶಸ್ತಿ ಬಂತು. ಕೆಂಪು ಹಾಸಿನ ವೇದಿಕೆಯ ಮೇಲೆ ನಿಂತು ಗಂಡ ತನ್ನ ಗುರುಗಳನ್ನು ನೆನೆದ, ಪ್ರಯೋಗಾಲಯದವರನ್ನು ಒಬ್ಬೊಬ್ಬರನ್ನಾಗಿ ನೆನೆದ. “ಕೊನೆಯದಾಗಿ, ಮನೆಯ ಚಿಂತೆ ನನಗೆ ತಟ್ಟದ ಹಾಗೆ ನೋಡಿಕೊಂಡ ನನ್ನ ಹೆಂಡತಿಗೆ” ಎಂದ. ಜನ ಚಪ್ಪಾಳೆ ತಟ್ಟಿ ಅವಳತ್ತ ತಿರುಗಿದರು. ಪಕ್ಕದಲ್ಲಿ ಕೂತಿದ್ದ ಅತ್ತೆ, “ಮನೆ ಚಿಂತೆ ಮಾಡಿದ್ದು ನಾನು. ಇವಳಿಗೆ ಹಾಲು ಉಕ್ಕಿದ್ದೂ ಗೊತ್ತಾಗಲ್ಲ” ಎಂದು ಗೊಣಗಿದಳು. ಲೆಕ್ಕದಮ್ಮ ನಕ್ಕು ತಲೆಬಾಗಿಸಿದಳು. 

ಆಮೇಲೆ ಹೊಸ ಕಟ್ಟಡದ ಅನುದಾನ ಬರಬೇಕಿತ್ತು. ಅದಾದ ಮೇಲೆ ಪುಸ್ತಕ ಹೊರಬರಬೇಕಿತ್ತು. ಪ್ರತಿ ಸಲವೂ, “ಇದೊಂದು ಮುಗೀಲಿ” ಎನ್ನುತ್ತಿದ್ದ. ಕೊನೆಗೆ ಅವಳು ಕೇಳುವುದನ್ನೇ ಬಿಟ್ಟಳು. ಕೇಳದಿದ್ದರೆ ಮನೆಯಲ್ಲಿ ಊಟ ನೆಮ್ಮದಿಯಿಂದ ಮುಗಿಯುತ್ತಿತ್ತು.

ಬಯಲಿಗೆ ತಂದವಳು ಪ್ರಶ್ನೆಪತ್ರಿಕೆ. ಅವಳೀಗ ಆ ಇನ್ನೊಂದು ಸಂಸ್ಥೆಯಲ್ಲಿ ಸ್ವಂತ ಪ್ರಯೋಗಾಲಯ ಕಟ್ಟಿಕೊಂಡಿದ್ದಳು. ಅದೇ ಜೀನು, ಅದೇ ಪಕ್ಕದ ತುಂಡು, ಅದೇ ರಿಪೇರಿಯ ಚಾಳಿ. ಅವಳ ಪ್ರಬಂಧ ಬಂದ ವಾರವೇ ಪತ್ರಿಕೆಯವರು ವಿಭಾಗದ ಬಾಗಿಲಲ್ಲಿ ನಿಂತರು. ಪುಸ್ತಕ ಆಗಷ್ಟೇ ಅಂಗಡಿಗಳಿಗೆ ಬಂದಿತ್ತು. ಪ್ರೊಫೆಸರ್ ಮೆಟ್ಟಿಲ ಮೇಲೆ ನಿಂತು, ತನ್ನ ಕೆಲಸ ಕೋಶಗಳೊಂದಿಗೆ, ಗಾಜಿನ ತಟ್ಟೆಗಳೊಂದಿಗೆ ಎಂದು ಶಾಂತವಾಗಿ ಹೇಳಿದ. “ಸಂಖ್ಯೆಗಳ ವಿಶ್ಲೇಷಣೆ ಮೊದಲಿಂದ ಕೊನೆವರೆಗೆ ನನ್ನ ಹೆಂಡತಿಯದು. ಅವಳು ಆ ವಿಷಯದಲ್ಲಿ ಪರಿಣತಳು. ನಾನು ಪೂರ್ತಿ ನಂಬಿದ್ದೆ.”

ಅವಳು ಅದನ್ನು ಮೆಟ್ಟಿಲ ಕೆಳಗಿನ ತನ್ನ ಕೋಣೆಯಲ್ಲಿ ನಿಂತು ಕೇಳಿಸಿಕೊಂಡಳು, ಬಾಗಿಲು ತೆರೆದಿತ್ತು. ಇಷ್ಟು ವರ್ಷಗಳಲ್ಲಿ ಆ ಕೆಲಸ ಪೂರ್ತಿಯಾಗಿ ಅವಳದಾದದ್ದು ಅದೇ ಮೊದಲು.

ಮನೆಗೆ ಬಂದವನು ಶೂ ಬಿಚ್ಚುತ್ತ ಅವಳನ್ನು ನೋಡದೆ ಮಾತಾಡಿದ.

“ನಿನಗೆ ಹೋಗೋದು ವರ್ಷದ ನವೀಕರಣ. ನನ್ನ ಹುದ್ದೆ ಹೋದರೆ ಮನೆ ಹೋಗುತ್ತೆ, ಎಂಟು ಜನ ಹೋಗ್ತಾರೆ. ಸ್ವಲ್ಪ ಯೋಚನೆ ಮಾಡು.”

“ನಾನು ನಿಮಗೆ ಹೇಳಿದ್ದೆ.”

“ಹೇಳಿದ್ದೆ. ಇಲ್ಲ ಅಂದ್ನಾ? ಅದನ್ನ ವಿಚಾರಣೇಲಿ ಹೇಳಿದರೆ ಇಬ್ಬರೂ ಮುಳುಗ್ತೀವಿ. ಅಷ್ಟೇ ನಾನು ಹೇಳ್ತಿರೋದು.”

ವಿಚಾರಣೆಗೆ ಮೂವರು ಕೂತರು: ಡೀನ್, ರಸಾಯನಶಾಸ್ತ್ರದ ಒಬ್ಬ ಹಿರಿಯರು, ಒಬ್ಬ ವಕೀಲೆ. ಉದ್ದನೆಯ ಮೇಜಿನ ಒಂದು ತುದಿಗೆ ಗಂಡ, ಇನ್ನೊಂದು ತುದಿಗೆ ಅವಳು.

“ಈ ತಪ್ಪು ನಿಮ್ಮ ಗಮನಕ್ಕೆ ಮೊದಲೇ ಬಂದಿತ್ತಾ?” ವಕೀಲೆ ಕೇಳಿದಳು.

ಇಲ್ಲವೆಂದರೆ ದಡ್ಡಿ, ಹೌದೆಂದರೆ ಕಳ್ಳಿ. ಬರುವ ದಾರಿಯುದ್ದಕ್ಕೂ ಅವಳು ಅದನ್ನೇ ಯೋಚಿಸಿದ್ದಳು.

“ಬಂದಿತ್ತು. ಪ್ರಶಸ್ತಿಗೆ ಮುಂಚೆ. ಅವತ್ತೇ ಇವರಿಗೆ ಹೇಳಿದೆ.”

“ಯಾರ ಎದುರಿಗೆ?”

“ಯಾರೂ ಇರಲಿಲ್ಲ. ಗಂಡನ ಹತ್ರ ಮಾತಾಡೋಕೆ ಸಾಕ್ಷಿ ಕರ್ಕೊಂಡು ಹೋಗಬೇಕು ಅಂತ ಗೊತ್ತಿರಲಿಲ್ಲ.”

ರಸಾಯನಶಾಸ್ತ್ರದವರು ನಕ್ಕಂತೆ ಕೆಮ್ಮಿದರು. ಡೀನ್ ಪ್ರೊಫೆಸರನತ್ತ ತಿರುಗಿದ.

“ಅಂಥ ಮಾತು ನಡೆದ ನೆನಪು ನನಗಿಲ್ಲ” ಎಂದ ಅವನು. ದನಿ ನಡುಗಲಿಲ್ಲ. “ಅವಳು ತುಂಬಾ ಒತ್ತಡದಲ್ಲಿದ್ದಾಳೆ. ಅವಳ ಮೇಲೆ ಕಠಿಣ ಕ್ರಮ ಬೇಡ ಅಂತ ನನ್ನ ವಿನಂತಿ.”

ಅವನ ಸುಳ್ಳಿಗಿಂತ ಆ ವಿನಂತಿ ಅವಳನ್ನು ಹೆಚ್ಚು ಸುಟ್ಟಿತು. ಸಮಿತಿ ಅದನ್ನು ದೊಡ್ಡ ಮನಸ್ಸೆಂದು ತೆಗೆದುಕೊಂಡಿತು. ಅವಳ ನವೀಕರಣ ನಿಂತಿತು. ತಪ್ಪು ತಿಳಿದೂ ಮುಚ್ಚಿಟ್ಟಿದ್ದಾಗಿ ಒಪ್ಪಿಕೊಂಡಿದ್ದಾಳೆ ಎಂದು ತೀರ್ಪಿನಲ್ಲಿ ಬರೆದರು; ಉಳಿದದ್ದಕ್ಕೆ ಪುರಾವೆ ಸಾಲದು ಎಂದರು. ಪ್ರೊಫೆಸರನಿಗೆ ಮೇಲ್ವಿಚಾರಣೆ ಸಾಲದಾಯಿತೆಂಬ ಎಚ್ಚರಿಕೆ. ಪ್ರಶಸ್ತಿ ಕೊಟ್ಟವರು ಅದನ್ನು ಹಿಂದಕ್ಕೆ ಕೇಳಲಿಲ್ಲ. ಅದು ಜೀವಮಾನದ ಒಟ್ಟು ಸಾಧನೆಗೆ ಕೊಟ್ಟದ್ದೆಂದು ಅವರಿಗೆ ಆಗ ನೆನಪಾಯಿತು.

ಮನೆ ಬಿಡಲು ಪೆಟ್ಟಿಗೆ ತುಂಬುತ್ತಿದ್ದಾಗ ಅತ್ತೆ ಬಾಗಿಲಲ್ಲಿ ಬಂದು ನಿಂತಳು.

“ಅವನು ಸುಳ್ಳು ಹೇಳಿದ್ದಾನೆ ಅಂತ ನನಗೆ ಗೊತ್ತು. ಸುಳ್ಳು ಹೇಳುವಾಗ ಅವನು ತುಂಬಾ ಸಮಾಧಾನವಾಗಿ ಮಾತಾಡ್ತಾನೆ, ಚಿಕ್ಕಂದಿನಿಂದ.”

“ಹಾಗಾದ್ರೆ ಸಮಿತಿಯವರಿಗೆ ಹೇಳಿ ಅತ್ತೆ.”

“ನಾನು ಅವನ ತಾಯಿ ಕಣೆ. ನನ್ನ ಹತ್ರ ನ್ಯಾಯ ಕೇಳಬೇಡ. ಅನ್ನ ಕೇಳು, ಹಾಕ್ತೀನಿ.” “ನೀನೂ ಬಾಯಿಗೆ ಬೀಗ ಹಾಕ್ಕೊಂಡು ಕೂತೆಯಲ್ಲ, ಅದ್ಯಾಕೆ?” ಎಂದಳು.

ಲೆಕ್ಕದಮ್ಮ ಮಡಚಿದ್ದ ಬಟ್ಟೆಯನ್ನೇ ಮತ್ತೆ ಬಿಡಿಸಿ ಮಡಚಿದಳು. ಅತ್ತೆ ಒಳಗೆ ಬಂದು ಪೆಟ್ಟಿಗೆಯ ಮುಚ್ಚಳ ಒತ್ತಿ ಹಿಡಿದಳು, ಬೀಗ ಬೀಳಲೆಂದು.

ಊರಿನ ಇನ್ನೊಂದು ಕೊನೆಯಲ್ಲಿ, ಟೈರ್ ಅಂಗಡಿಯ ಮೇಲೆ ಎರಡು ಕೋಣೆಯ ಮನೆ ಸಿಕ್ಕಿತು. ಕೆಲಸ ಸಿಗುವುದು ಕಷ್ಟವಾಯಿತು. ಎಲ್ಲಿ ಹೋದರೂ ತೀರ್ಪು ಅವಳಿಗಿಂತ ಮೊದಲೇ ಹೋಗಿ ಕೂತಿರುತ್ತಿತ್ತು. ಕೊನೆಗೆ ಒಂದು ಸಣ್ಣ ಕಾಲೇಜು ಮೊದಲ ವರ್ಷದವರಿಗೆ ಸಂಖ್ಯಾಶಾಸ್ತ್ರ ಹೇಳಿಕೊಡಲು ಕರೆಯಿತು. ನರ್ಸಿಂಗ್ ಓದುವವರು, ಲೆಕ್ಕವೆಂದರೆ ಮೂಗು ಮುರಿಯುವವರು. ಅವರೊಂದಿಗೆ ಅವಳಿಗೆ ಹೊಂದಿಕೆಯಾಯಿತು. ಪ್ರಶ್ನೆಪತ್ರಿಕೆ ಒಮ್ಮೆ ಫೋನ್ ಮಾಡಿದಳು. “ಮೇಡಂ, ನನ್ನಿಂದ ನಿಮಗೆ ಹೀಗಾಗುತ್ತೆ ಅಂತ ಗೊತ್ತಿರಲಿಲ್ಲ” ಎಂದಳು. “ನಿನ್ನಿಂದ ಆಗಿದ್ದಲ್ಲ. ನಿನ್ನ ಲೆಕ್ಕ ಸರಿಯಾಗಿದೆ” ಎಂದಳು ಲೆಕ್ಕದಮ್ಮ. 

ಆಮೇಲೆ ಗಂಡನ ಹೊಸ ಪ್ರಬಂಧ ಬಂತು. ‘ನಾವು ಎಲ್ಲಿ ಎಡವಿದೆವು’ ಎಂದು ಶೀರ್ಷಿಕೆ. ಆಯ್ಕೆಯ ಗುರುತೆಂದು ತಾವು ಭ್ರಮಿಸಿದ್ದು ಬರೀ ರಿಪೇರಿಯ ಚಾಳಿ, ಬದಲಾದ ಮಣಿಗಳಲ್ಲಿ ಕೆಲವು ಕಿವಿಗೆ ಕೇಡನ್ನೇ ಮಾಡಿರಬಹುದು ಎಂದು ಅವನು ಬರೆದಿದ್ದ. ಪ್ರಶ್ನೆಪತ್ರಿಕೆಯ ಪ್ರಬಂಧದಲ್ಲಿ ಈ ಕೊನೆಯ ಮಾತು ಇರಲಿಲ್ಲ. ಆ ಲೆಕ್ಕವೆಲ್ಲ ಲೆಕ್ಕದಮ್ಮನದು. ವಿಭಾಗದ ಕಂಪ್ಯೂಟರಿನಲ್ಲೇ ಉಳಿದಿತ್ತು, ವಿಭಾಗದ ಸ್ವತ್ತಾಗಿತ್ತು. ಅವಳ ಹೆಸರು ಮಧ್ಯದಲ್ಲೂ ಇರಲಿಲ್ಲ. ತಪ್ಪೊಪ್ಪಿಕೊಳ್ಳುವ ಎದೆಗಾರಿಕೆಯುಳ್ಳ ವಿಜ್ಞಾನಿ ಎಂದು ಪತ್ರಿಕೆಗಳು ಅವನನ್ನು ಮತ್ತೊಮ್ಮೆ ಹೊಗಳಿದವು. ಕಾಲೇಜು ಕಾಲೇಜುಗಳಿಂದ ಉಪನ್ಯಾಸಕ್ಕೆ ಕರೆ ಬಂತು. ಅವಳ ಕಾಲೇಜಿಗೂ ಬಂದ.

ಸಭಾಂಗಣದ ಕೊನೆಯ ಸಾಲಿನಲ್ಲಿ ಅವಳು ತನ್ನ ತರಗತಿಯವರ ಜೊತೆ ಕೂತಳು. ಅವನ ಕೂದಲು ನೆರೆತಿತ್ತು, ಅದು ಅವನಿಗೆ ಒಪ್ಪುತ್ತಿತ್ತು. ಚೆನ್ನಾಗಿ ಮಾತಾಡಿದ. ನಮಗೆ ಬೇಕಾದ ಕಾರಣ ಹುಡುಕಿಕೊಳ್ಳುವ ಆಸೆಯೇ ನಮ್ಮನ್ನು ಕುರುಡು ಮಾಡುತ್ತದೆ ಎಂದ. ಪ್ರಶ್ನೆಗಳ ಹೊತ್ತಿಗೆ ಅವಳು ಎದ್ದು ನಿಂತಳು.

“ಪಕ್ಕದ ತುಂಡು ನೋಡಬೇಕು ಅಂತ ಮೊದಲು ಹೊಳೆದಿದ್ದು ಯಾರಿಗೆ?”

ಅವನು ಅವಳನ್ನು ಗುರುತಿಸಿದ. “ಇಂಥ ಯೋಚನೆಗಳು ಒಬ್ಬರ ತಲೇಲಿ ಹುಟ್ಟಲ್ಲ. ಒಂದು ಗುಂಪಿನಲ್ಲಿ ಹುಟ್ತವೆ” ಎಂದ. ಮಾತು ಎಲ್ಲರಿಗೂ ಹಿಡಿಸಿತು. ಪ್ರಿನ್ಸಿಪಾಲರು ಮೊದಲು ಚಪ್ಪಾಳೆ ತಟ್ಟಿದರು, ಉಳಿದವರು ಜೊತೆಗೂಡಿದರು.

ಕಾರಿಡಾರಿನಲ್ಲಿ ಅವನು ಅವಳನ್ನು ಹುಡುಕಿಕೊಂಡು ಬಂದ.

“ಅಮ್ಮನಿಗೆ ಮಂಡಿ ನೋವು ಜಾಸ್ತಿಯಾಗಿದೆ. ನಿನ್ನನ್ನ ಕೇಳ್ತಿರ್ತಾಳೆ.”

“ಭಾನುವಾರ ನೀವು ಮನೇಲಿಲ್ಲದಾಗ ಬರ್ತೀನಿ ಅಂತ ಹೇಳಿ.”

ಅವನು ಹೋಗಲಿಲ್ಲ. ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡ.

“ನಿನ್ನ ಹೆಸರು ಹಾಕಬೇಕು ಅಂತಲೇ ಇತ್ತು, ನಂಬು. ಆದರೆ ಆ ತೀರ್ಪು ಇದೆಯಲ್ಲ. ತಪ್ಪು ಮುಚ್ಚಿಟ್ಟೋಳು ಅಂತ ಬರೆದಿರೋ ಹೆಸರು ಮೇಲಿದ್ದಿದ್ರೆ ಆ ಪ್ರಬಂಧಾನ ಯಾರೂ ನಂಬ್ತಿರಲಿಲ್ಲ.”

ಅವಳು ಅವನ ಮುಖ ನೋಡಿದಳು. ಅವನು ಹೇಳಿದ್ದು ನಿಜ. ಅದರಲ್ಲಿ ತಿದ್ದುವುದಕ್ಕೆ ಏನೂ ಇರಲಿಲ್ಲ. 

“ನನಗೆ ಮುಂದಿನ ಪೀರಿಯಡ್ ಇದೆ” ಎಂದಳು.

ತರಗತಿಯಲ್ಲಿ ಹುಡುಗಿಯರು ಇನ್ನೂ ಉಪನ್ಯಾಸದ ಗುಂಗಿನಲ್ಲಿದ್ದರು. ಎಷ್ಟು ಸರಳ ಮನುಷ್ಯ, ತಪ್ಪನ್ನ ಎಷ್ಟು ಧೈರ್ಯವಾಗಿ ಒಪ್ಪಿಕೊಂಡ್ರು ಅಲ್ವಾ ಮೇಡಂ ಎಂದು ಮುಂದಿನ ಬೆಂಚಿನವಳು ಕೇಳಿದಳು. ಲೆಕ್ಕದಮ್ಮ ಹೂಂ ಎಂದು ಸೀಮೆಸುಣ್ಣ ತೆಗೆದುಕೊಂಡು, ಬೋರ್ಡಿನ ಕಡೆ ತಿರುಗಿ, ಹಿಂದಿನ ದಿನ ಅರ್ಧಕ್ಕೆ ಬಿಟ್ಟಿದ್ದ ಲೆಕ್ಕವನ್ನು ಮುಂದುವರಿಸಿದಳು. ಅಕ್ಷರ ಕಾಣುತ್ತಿಲ್ಲ, ಸ್ವಲ್ಪ ಒತ್ತಿ ಬರೆಯಿರಿ ಎಂದು ಹಿಂದಿನಿಂದ ಯಾರೋ ಹೇಳಿದರು. ಅವಳು ಒತ್ತಿ ಬರೆದಳು.